ಗೇಣು ಮರಕ್ಕೆ ನನ್ನ ಉಪಚಾರ

"ಗೇಣುದ್ದದ ಒಂದು ಮರ! ಅದನ್ನ ಸಾಕೋಕೆ ನನ್ನ ಕೈಲಿ ಆಗಲ್ವೇನೋ?"

ಹೀಗಂತ ನಾನು ಗಂಗುಲಪ್ಪನ ಮುಂದೆ ಎದೆ ತಟ್ಟಿಕೊಂಡೆ. ತಟ್ಟಿಕೊಳ್ಳೋಕೆ ಕಾರಣವೂ ಇತ್ತು. ನಾಲ್ಕು ಹೆಣ್ಣುಮಕ್ಕಳನ್ನು ಸಾಕಿ ಗಂಡನ ಮನೆಗೆ ಕಳಿಸಿದ್ದೀನಿ. ಎರಡು ಜೊತೆ ಎತ್ತು ಸಾಕಿದ್ದೀನಿ. ವರ್ಷಕ್ಕೆ ಐದು ಬೆಳೆ ರೇಷ್ಮೆ ಹುಳು ಸಾಕ್ತೀನಿ. ಶಿಡ್ಲಘಟ್ಟದ ಸುತ್ತ ಹತ್ತು ಹಳ್ಳಿಯಲ್ಲಿ ನನ್ನ ಹುಳುವಿನಷ್ಟು ದಪ್ಪ ಹುಳು ಯಾರ ಮನೆಯಲ್ಲೂ ಇಲ್ಲ! ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನನ್ನ ಕೈಯಲ್ಲಿ ಬೆಳೆದದ್ದು ಒಂದೂ ಸಣಕಲಾಗಿಲ್ಲ.

ಮರದ ಕಥೆ ಹೇಳಬೇಕಾದರೆ ನಮ್ಮನೆಯವರ ಕಥೆ ಹೇಳಬೇಕು. ಗಂಡನ ಹೆಸರು ಹೇಳಬಾರದು ಅಂತಾರೆ. ಈಗ ಹೇಳಿದರೆ ಯಾರು ಬೈತಾರೆ? ವೆಂಕಟರಾಮಪ್ಪ. ನಂದಿ ಬೆಟ್ಟದ ತೋಟದಲ್ಲಿ ಮಾಲಿ. ಸೋಮವಾರ ಬೆಟ್ಟ ಹತ್ತಿದರೆ ಶನಿವಾರ ಮನೆಗೆ. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋಗಿ ಬಂದ ಯಾರೋ ಮಿಲಿಟರಿ ಸಾಹೇಬರು, ವರ್ಗವಾಗಿ ಹೋಗುವಾಗ ಇವರ ಕೈಗೆ ಒಂದು ಮರ ಕೊಟ್ಟು ಹೋದರಂತೆ. ಜೂನಿಪರ್ ಅಂತ ಅದರ ಹೆಸರು. ತಟ್ಟೆಯಂಥ ಕುಂಡದಲ್ಲಿ ಗಿಡ್ಡಗೆ ಬೆಳೆಸೋದು. ಬೋನ್ಸಾಯಿ ಅಂತ ಅಲ್ಲಿಯವರ ವಿದ್ಯೆ.

ಹನ್ನೊಂದು ವರ್ಷ ಇವರು ಅದನ್ನು ಬೆಟ್ಟದ ಮೇಲೆಯೇ ಇಟ್ಟುಕೊಂಡಿದ್ದರು. ಶನಿವಾರ ಊಟಕ್ಕೆ ಕೂತರೆ ಅದರದ್ದೇ ಮಾತು.

"ಈ ವಾರ ಒಂದು ಕಡ್ಡಿ ಕತ್ತರಿಸಿದೆ ಕಣೇ."

"ವಾರಕ್ಕೆಲ್ಲಾ ಒಂದು ಕಡ್ಡಿನಾ? ಸರ್ಕಾರದೋರು ಸಂಬಳ ಯಾಕೆ ಕೊಡ್ತಾರೆ ನಿಮಗೆ? ಇನ್ನೊಂದು ಮುದ್ದೆ ಹಾಕ್ಲಾ?"

"ಬೇಡ್ವೇ."

ಹಾಕುತ್ತಿದ್ದೆ.

"ಆ ಮರಾನ ಒಂದ್ಸಲ ಮನೆಗೆ ತಗೊಂಡು ಬನ್ರೀ, ನೋಡ್ತೀನಿ."

"ಅದೊಂದು ಆಗಲ್ಲ ಬಿಡು."

ಯಾಕೆ ಅಂತ ಹೇಳಲಿಲ್ಲ. ಹೇಳದೆಯೇ ಹೋಗಿಬಿಟ್ಟರು.

ವರ್ಷದ ತಿಥಿಗೆ ಗಂಗುಲಪ್ಪ ಬಂದ. ಇವರ ಕೈಕೆಳಗೆ ಕೆಲಸ ಕಲಿತವನು. ಬೆಟ್ಟದಲ್ಲೇ ಉಳಿದಿದ್ದ ಇವರ ಖಾಕಿ ಕೋಟು ತಂದುಕೊಟ್ಟ. ಗೂಟಕ್ಕೆ ನೇತು ಹಾಕಿದೆ. ಆಮೇಲೆ ಕೇಳಿದೆ.

"ಗಂಗುಲಪ್ಪಾ, ಆ ಮರ ನನಗೆ ಕೊಡೋ. ಅವರ ಕೈಯಾಡಿದ್ದರಲ್ಲಿ ಇನ್ನೂ ಉಸಿರಾಡ್ತಾ ಇರೋದು ಅದೊಂದೇ."

ಅವನು ತಲೆ ಕೆರೆದುಕೊಂಡ. ಆಗಲೇ ನಾನು ಎದೆ ತಟ್ಟಿಕೊಂಡಿದ್ದು!

"ಸರಿ ಅಕ್ಕಾ, ತಂದುಕೊಡ್ತೀನಿ. ಯುಗಾದಿಗೆ ಬಂದು ನೋಡ್ತೀನಿ. ಸೊರಗಿದ್ರೆ ವಾಪಸ್ ಬೆಟ್ಟಕ್ಕೆ. ಬೇಜಾರು ಮಾಡ್ಕೋಬಾರ್ದು."

"ಸೊರಗಿದ್ರೆ ತಗೊಂಡೋಗೋ! ನೀನು ಬರೋ ಹೊತ್ತಿಗೆ ಸೂರು ಮುಟ್ಟಿರುತ್ತೆ!"

ಮರ ಬಂತು. ನಮ್ಮನೆಯವರ ತಂಗಿ ಅಕ್ಕಯ್ಯಮ್ಮ ನನ್ನ ಜೊತೆಯಲ್ಲೇ ಇರೋದು. ಅವಳ ನಾಲಗೆಗೆ ಸಾಣೆ ಹಿಡಿಯೋದು ಬೇಡ. ಸುತ್ತು ಹಾಕಿ ನೋಡಿದಳು.

"ಅತ್ತಿಗೇ, ಇದೇನು ಮರಾನಾ, ಮುದುಕನ ಗಡ್ಡಾನಾ?"

"ಬಾಯಿ ಮುಚ್ಚೇ. ನಿಮ್ಮಣ್ಣನ ಮರ."

"ಅದಕ್ಕೇ ಇಷ್ಟು ಬಡಕಲು."

ಗಂಗುಲಪ್ಪ ಹೇಳಿದ. "ಹೊರಗಡೆ ಬಿಸಿಲಲ್ಲಿಡಿ. ಮಣ್ಣು ಒಣಗಿದ್ರೆ ನೀರು, ಇಲ್ಲದಿದ್ರೆ ಬೇಡ. ಗೊಬ್ಬರ ಬೇಡ. ಸುಮ್ಮನೆ ಬಿಟ್ಟುಬಿಡಿ."

ಸುಮ್ಮನೆ ಬಿಡೋಕೆ ನಾನೇನು ಮಲತಾಯಿಯಾ? ಅವನು ಬಸ್ಸು ಹತ್ತಿದ ಗಳಿಗೆಯಿಂದ ನನ್ನ ಉಪಚಾರ ಶುರು!

ಕೊಂಬೆಗೆ ಸುತ್ತಿದ್ದ ತಂತಿ ಮೊದಲು ಬಿಚ್ಚಿದೆ. ಪಾಪ, ಯಾವ ತಪ್ಪಿಗೆ ಬೇಡಿ? ಬೆಳಿಗ್ಗೆ ಒಂದು ಚೆಂಬು ನೀರು, ಸಂಜೆ ಒಂದು ಚೆಂಬು. ವಾರಕ್ಕೊಂದು ದಿನ ಮಜ್ಜಿಗೆ. ಹುಳುವಿನ ತಟ್ಟೆ ಬಳಿದ ಹಿಕ್ಕೆ ಎರಡು ಬೊಗಸೆ. ನಮ್ಮ ಹಿಪ್ಪುನೇರಳೆಗೆ ಅದನ್ನು ಹಾಕಿದರೆ ಎಲೆ ಅಂಗೈ ಅಗಲ ಬರುತ್ತೆ! ಹಾಕಿ, ಗೂಟದ ಕೋಟಿನ ಕಡೆ ತಿರುಗಿ ಹೇಳಿದೆ. "ನೋಡ್ತಾ ಇರಿ. ಹನ್ನೊಂದು ವರ್ಷ ಉಪವಾಸ ಕೆಡವಿದ್ರಲ್ಲ. ಈಗ ನೋಡಿ."

ಹೇಳಿ, ಇನ್ನೊಂದು ಬೊಗಸೆ ಹಾಕಿದೆ.

ಸಂಕ್ರಾಂತಿ ಹೊತ್ತಿಗೆ ಮರದ ಹಸಿರು ಕಂದಿತು. ಒಳಗಿನ ಎಲೆಯೆಲ್ಲಾ ಹುರಿದ ಜೀರಿಗೆ ಬಣ್ಣ!

"ಚಳಿ ಕಣೇ ಅಕ್ಕಯ್ಯಮ್ಮ. ಚಳಿ ಹಿಡಿದಿದೆ."

"ಬೆಟ್ಟದ ಮೇಲೆ ಹನ್ನೊಂದು ವರ್ಷ ಇದ್ದ ಮರಕ್ಕೆ ಇಲ್ಲಿ ಚಳಿನಾ ಅತ್ತಿಗೇ?"

ನನಗೆ ಅವಳ ಲಾಯರಿಕೆ ಬೇಕಿರಲಿಲ್ಲ. ಮನೆಯಲ್ಲಿ ಬೆಚ್ಚಗಿನ ಜಾಗ ಅಂದರೆ ಹುಳು ಸಾಕೋ ಕೋಣೆ. ಹುಳುವಿಗೆಂದು ಕೆಂಡ ಇಟ್ಟಿರುತ್ತೀವಿ. ಮರವನ್ನು ಎತ್ತಿಕೊಂಡು ಹೋಗಿ ತಟ್ಟೆಗಳ ಸಂದಿಯಲ್ಲಿ ಇಟ್ಟೆ.

"ಅತ್ತಿಗೇ, ಅದರದ್ದು ಎಣ್ಣೆ ವಾಸನೆ. ಹುಳು ಸೊಪ್ಪು ತಿನ್ನೋದು ಬಿಡ್ತವೆ!"

"ನಿಮ್ಮಣ್ಣನ ವಾಸನೆ ಸಹಿಸಿಕೊಂಡ ಮನೆ ಇದು. ಸುಮ್ಮನಿರು."

ಹುಳು ಸೊಪ್ಪು ಬಿಡಲಿಲ್ಲ. ಹಣ್ಣಾದವು. ಹಣ್ಣಾದ ಹುಳು ಗೂಡು ಕಟ್ಟೋಕೆ ಜಾಗ ಹುಡುಕುತ್ತೆ. ನಾವು ಹೊತ್ತಿಗೆ ಸರಿಯಾಗಿ ಆರಿಸಿ ಬಿದಿರಿನ ತಟ್ಟಿ, ಅದೇ ಚಂದ್ರಿಕೆ, ಅದರ ಮೇಲೆ ಬಿಡಬೇಕು. ಆ ದಿನ ನಾನು ಮರಕ್ಕೆ ಮಜ್ಜಿಗೆ ಹುಯ್ಯುತ್ತಾ ಕೂತೆ. ಹೊತ್ತು ಮೀರಿತು. ಪಕ್ಕದ ತಟ್ಟೆಯ ಹುಳುಗಳೆಲ್ಲ ಮೆರವಣಿಗೆ ಹೊರಟು ಮರ ಹತ್ತಿದವು!

ಎರಡು ದಿನ ಕಳೆದು ನೋಡಿದರೆ ಗಿಡ್ಡ ಮರದ ತುಂಬಾ ಹಳದಿ ಗೂಡು! ಕೊಂಬೆ ಕೊಂಬೆಗೂ ಬಂಗಾರದ ಕಾಯಿ!

ಪಕ್ಕದ ಮನೆ ಮುನಿಶಾಮಮ್ಮ ಬೆಂಕಿ ಕೇಳೋಕೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮೋ! ಮರ ಗೂಡು ಬಿಟ್ಟಿದೆ! ವೆಂಕಟರಾಮಪ್ಪಣ್ಣನ ಮರ ರೇಷ್ಮೆ ಬಿಟ್ಟಿದೆ!"

"ಬಿಟ್ಟಿಲ್ಲ ಕಣೇ, ಹುಳು ಹತ್ತಿ..."

ಯಾರು ಕೇಳ್ತಾರೆ! ಅರ್ಧ ಗಂಟೆಯಲ್ಲಿ ಊರೇ ನಮ್ಮ ಮನೆಯಲ್ಲಿ! ನಿಜ ಹೇಳ್ತೀನಿ, ನಾನೂ ಉಬ್ಬಿಹೋದೆ. ಎರಡನೇ ಸಲ ಕೇಳಿದವರಿಗೆ ಹುಳುವಿನ ವಿಷಯ ನಾನೇ ಹೇಳಲಿಲ್ಲ. ಮರವನ್ನು ಜಗಲಿಗೆ ತಂದಿಟ್ಟೆ. ಯಾರೋ ಅರಿಶಿನ ಬಳಿದರು. ಯಾರೋ ಕುಂಕುಮ ಇಟ್ಟರು. ನನಗಿಲ್ಲದ ಕುಂಕುಮ ನನ್ನ ಗಂಡನ ಮರಕ್ಕೆ! ಬಂದವರೆಲ್ಲಾ ಭಕ್ತಿಯಿಂದ ಒಂದೊಂದು ಚೆಂಬು ನೀರು ಹಾಕಿದರು. ಎಂಬತ್ತು ಚೆಂಬು! ತಟ್ಟೆಯಷ್ಟು ಮಣ್ಣಿಗೆ ಎಂಬತ್ತು ಚೆಂಬು! ಒಬ್ಬರು ಎಳನೀರನ್ನೂ ಸುರಿದರು.

ಗೂಡು ಹಾಗೇ ಬಿಟ್ಟರೆ ಚಿಟ್ಟೆ ಕೊರೆದು ಹೋಗುತ್ತೆ. ಬಿಡಿಸಲೇಬೇಕು. ಒಂದು ಬಿಡಿಸಿದೆ. ಗೂಡಿನ ಸುತ್ತ ನೂಲು, ನೂಲಿನ ತುಂಬಾ ಎಲೆ! ಗೂಡಿನ ಜೊತೆ ಎಲೆಯೂ ಬಂತು. ಇನ್ನೊಂದು ಬಿಡಿಸಿದೆ. ಅದೂ ಹಾಗೇ. ಬಿಡಿಸಿ ಮುಗಿಸುವ ಹೊತ್ತಿಗೆ ಗೂಡಿಗೆಲ್ಲಾ ಗಡ್ಡ ಬಂದಿತ್ತು, ಮರಕ್ಕೆ ತಿರುಪತಿ ಮುಡಿಯಾಗಿತ್ತು!

ತುದಿಯಲ್ಲಿ ನಾಲ್ಕು ಎಳೆ ಹಸಿರು. ಅಷ್ಟೇ.

ಅಕ್ಕಯ್ಯಮ್ಮ ಉದುರಿದ ಎಲೆ ಗುಡಿಸಿದಳು. ನಾನು ಕೋಟಿನ ಕಡೆ ತಿರುಗಲಿಲ್ಲ. ಯಾವ ಮುಖ ಇಟ್ಟುಕೊಂಡು ತಿರುಗಲಿ? ಅವರನ್ನು ಕಳಿಸಿದ ದಿನ ಅಳೋಕೆ ಜನ ಇದ್ದರು. ಇದಕ್ಕೆ ಅತ್ತರೆ ನಗ್ತಾರೆ. ಮರವನ್ನು ಸೆರಗಲ್ಲಿ ಮುಚ್ಚಿಕೊಂಡು ಏಣಿ ಹತ್ತಿದೆ. ಮಣ್ಣಿನ ಮಾಳಿಗೆ ಮೇಲೆ, ಮುರಿದ ಚಂದ್ರಿಕೆಯ ಹಿಂದೆ ಇಟ್ಟು ಬಂದೆ. ನೋಡೋಕೆ ಮತ್ತೆ ಹತ್ತಲಿಲ್ಲ.

ಯುಗಾದಿ ಬಂತು. ಗಂಗುಲಪ್ಪನೂ ಬಂದ! ಸಂಜೆ ಬಾಗಿಲಲ್ಲಿ ನಿಂತು ಮೊದಲ ಮಾತೇ ಅದು.

"ಮರ ಎಲ್ಲಕ್ಕಾ?"

ಉತ್ತರ ನಾಲ್ಕು ದಿನದಿಂದ ಬಾಯಿಪಾಠ ಮಾಡಿಟ್ಟಿದ್ದೆ. "ಮೇಕೆ ತಿಂದುಬಿಡ್ತು ಕಣಪ್ಪ. ಏನು ಮಾಡೋದು, ಅದರ ಋಣ ಅಷ್ಟೇ."

"ನಿಮ್ಮನೇಲಿ ಮೇಕೆನೇ ಇಲ್ವಲ್ಲಕ್ಕಾ?"

"ಪಕ್ಕದ ಮನೇದು."

ಪಕ್ಕದ ಅಂಗಳದಿಂದ ಮುನಿಶಾಮಮ್ಮ ಕೂಗಿದಳು. "ನಮ್ಮ ಮೇಕೆ ಸಂಕ್ರಾಂತಿಗೇ ಮಾರಿದ್ವಲ್ಲಕ್ಕಾ!"

ನಾನು ಇನ್ನೊಂದು ಮೇಕೆ ಹುಡುಕುವಷ್ಟರಲ್ಲಿ ಅಕ್ಕಯ್ಯಮ್ಮ ಏಣಿ ಮೇಲಿಂದ ಕರೆದಳು. "ಚಂದ್ರ ಕಾಣಿಸಿದ! ಎಲ್ಲಾ ಬನ್ನಿ ಮಾಳಿಗೆಗೆ!"

ಅಯ್ಯೋ ನನ್ನ ಬುದ್ಧಿಯೇ! ಯುಗಾದಿ ಸಂಜೆ ಊರಿಗೆ ಊರೇ ಚಂದ್ರನನ್ನು ನೋಡೋಕೆ ಮಾಳಿಗೆ ಹತ್ತುತ್ತೆ. ನಲವತ್ತು ವರ್ಷದಿಂದ ನಾನೂ ಹತ್ತಿದ್ದೀನಿ. ಬಚ್ಚಿಡೋಕೆ ನನಗೆ ಸಿಕ್ಕಿದ್ದು ಅದೇ ಜಾಗ!

"ಮೋಡ ಇದೆ ಕಣೋ, ಹತ್ತಬೇಡ" ಅಂದೆ. ಅವನು ಆಗಲೇ ಹತ್ತಿದ್ದ.

ನಾನು ಹತ್ತುವ ಹೊತ್ತಿಗೆ ಗಂಗುಲಪ್ಪ ಚಂದ್ರನಿಗೆ ಬೆನ್ನು ಹಾಕಿ ಕೂತಿದ್ದ. ಮರ ಅವನ ಮುಂದೆ. ಉಗುರಿನಿಂದ ತೊಗಟೆ ಚೂರು ಕೆರೆದ. ಒಳಗೆ ಹಸಿರು! ಬೋಳು ಕೊಂಬೆಯ ತುದಿ ಎತ್ತಿ ತೋರಿಸಿದ. ಸಾಸಿವೆಯಷ್ಟು ಚಿಗುರು! ಒಂದಲ್ಲ, ಹತ್ತಾರು!

"ಬದುಕಿದೆಯೇನೋ?"

"ಬದುಕಿದೆ ಅಕ್ಕಾ! ಯಾರು ನೋಡ್ಕೊಂಡಿದ್ದು ಇದನ್ನ?"

"ಯಾರೂ ಇಲ್ಲ."

"ನಾನು ಮೆಣಸಿನಕಾಯಿ ಒಣಗಿಸಿ ಎತ್ತುವಾಗ ಸಂಜೆ ಅದರ ಮೇಲೆ ಕೈ ತೊಳೀತಿದ್ದೆ" ಅಂದಳು ಅಕ್ಕಯ್ಯಮ್ಮ. "ಉರಿ ಅಂತ. ಅಷ್ಟೇ."

"ಅಷ್ಟೇ ಸಾಕು ಅದಕ್ಕೆ" ಅಂದ ಗಂಗುಲಪ್ಪ.

ನಾನು ಎಲ್ಲಾ ಒಪ್ಪಿಕೊಂಡೆ. ಮಜ್ಜಿಗೆ, ಹಿಕ್ಕೆ, ಕೆಂಡ, ಎಂಬತ್ತು ಚೆಂಬು. "ಮಾತು ಮಾತೇ. ತಗೊಂಡೋಗಪ್ಪ" ಅಂದೆ.

ಅವನು ನಕ್ಕುಬಿಟ್ಟ.

"ಯಜಮಾನ್ರು ಇದನ್ನ ಮನೆಗೆ ಯಾಕೆ ತರ್ತಿರಲಿಲ್ಲ, ಗೊತ್ತಾ ಅಕ್ಕಾ? ನಾನೊಂದ್ಸಲ ಕೇಳಿದ್ದೆ. 'ಬೇಡ ಕಣೋ, ನಮ್ಮವಳು ಪ್ರೀತಿ ಮಾಡಿ ಸಾಯಿಸಿಬಿಡ್ತಾಳೆ. ಪ್ರತಿ ಸೋಮವಾರ ತುಂಬಿದ ಹೊಟ್ಟೆ ಹೊತ್ಕೊಂಡು ನಾನು ಬೆಟ್ಟ ಹತ್ತೋ ಕಷ್ಟ ನನಗೇ ಗೊತ್ತು' ಅಂದಿದ್ರು."

ಅಕ್ಕಯ್ಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂತು, ಸೆರಗಲ್ಲಿ ಒರೆಸಿಕೊಂಡೆ. ಒಂದು ಹನಿ ಮರದ ಮೇಲೆ ಬೀಳೋಕೆ ಹೋಯಿತು. ಗಂಗುಲಪ್ಪ ಕುಂಡವನ್ನು ಅತ್ತ ಸರಿಸಿದ.

"ಇಲ್ಲೇ ಇರಲಿ ಅಕ್ಕಾ. ಅಕ್ಕಯ್ಯಮ್ಮನೋರು ಕೈ ತೊಳೀಲಿ. ನೀವು ಮಾತ್ರ ಮಾಳಿಗೆ ಹತ್ತಬೇಡಿ!"

ಆ ಖುಷಿಗೆ ಅವನನ್ನು ಎಲೆ ಮುಂದೆ ಕೂರಿಸಿದೆ. ಮೂರು ಹೋಳಿಗೆ ಬಡಿಸಿದೆ. ತುಪ್ಪ ಸುರಿದೆ. ತಿಂದ. ನಾಲ್ಕನೇದು ಎತ್ತಿದ್ದೇ ತಡ, ಎರಡೂ ಕೈ ಎಲೆಗೆ ಅಡ್ಡ ಹಿಡಿದ.

"ಅಕ್ಕಾ, ಸೋಮವಾರ ನಾನೂ ಬೆಟ್ಟ ಹತ್ತಬೇಕು!"