ಆರು ಎಪ್ಪತ್ತೈದಕ್ಕೆ ನೀರು

ಗಡಿಯಾರ ಎಲ್ಲರ ಮನೆಯಲ್ಲೂ ಒಂದೇ ಥರ ತಿರುಗುತ್ತದೆ, ನನ್ನ ಕೈಗೆ ಬಂದಾಗ ಮಾತ್ರ ಅದಕ್ಕೆ ಏನಾಗುತ್ತದೋ ದೇವರಿಗೇ ಗೊತ್ತು. ಕಲಘಟಗಿ ಕಡೆಯ ಒಂದು ಪಂಚಾಯ್ತಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಒಂದು ವರ್ಷದ ಕರಾರಿನ ಕೆಲಸ. ಸೇರಿದ ದಿನವೇ ಅಧ್ಯಕ್ಷರು ನಳದ ನೀರಿನ ವೇಳಾಪಟ್ಟಿ ಮಾಡುವ ಕೆಲಸ ಒಪ್ಪಿಸಿದರು. ಪಟ್ಟಿ ಸರಿಯಾಗಿದ್ದರೆ ಮುಂದಿನ ವರ್ಷವೂ ನೀವೇ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಬಿ.ಕಾಂ. ಪಾಸಾದವನಿಗೆ ಗಡಿಯಾರ ನೋಡುವುದೊಂದು ದೊಡ್ಡ ಕೆಲಸವೇ ಎಂಬ ಧಿಮಾಕು ಆಗ ಇತ್ತು.

೧. ಬರೀ ಒಂದು ಚುಕ್ಕಿ

ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಎಂಬ ತಖ್ತೆ ಮೇಲಿನ ಆಫೀಸಿನಿಂದ ಬರುತ್ತದೆ. ಅದರಲ್ಲಿ 6.25, 6.5, 6.75 ಎಂದು ಇತ್ತು. ಚುಕ್ಕಿಯ ಜಾಗದಲ್ಲಿ ಎರಡು ಚುಕ್ಕಿ ಇಟ್ಟರೆ ಟೈಮ್ ಆಯಿತಲ್ಲ ಎಂದು 6:25, 6:50, 6:75 ಎಂದು ಹೊಡೆದು, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಬೋರ್ಡಿಗೆ ಅಂಟಿಸಿದೆ. ದೂರ ನಿಂತು ಒಂದು ಫೋಟೊ ಕೂಡ ತೆಗೆದುಕೊಂಡೆ.

ಮರುದಿನ ನಮ್ಮ ಓಣಿಯ ಒಬ್ಬ ಅಜ್ಜಿ ಖಾಲಿ ಕೊಡ ಹಿಡಿದುಕೊಂಡು ಸೀದಾ ಆಫೀಸಿಗೆ ಬಂದಳು. ಮೊಮ್ಮಗಳ ಹತ್ತಿರ ಪಟ್ಟಿ ಓದಿಸಿಕೊಂಡು, ಆರು ಗಂಟೆಗೆ ಎಪ್ಪತ್ತೈದು ನಿಮಿಷ ಕೂಡಿಸಿ, ಸರಿಯಾಗಿ ಏಳೂ ಕಾಲಿಗೆ ನಳದ ಮುಂದೆ ನಿಂತಿದ್ದಳಂತೆ. ನೀರು ಅಷ್ಟರಲ್ಲಿ ಬಂದು ಹೋಗಿತ್ತು. ಅಜ್ಜಿಯ ಲೆಕ್ಕದಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ.

ನೀರು ಬಿಡುವ ವಾಟರ್‌ಮನ್ ಕಾಕಾನನ್ನು ಕರೆದು, ನೀವು ಎಷ್ಟಕ್ಕೆ ಬಿಟ್ಟಿರಿ ಎಂದು ಕೇಳಿದೆ. ಅವರು ಮೇಲಿನ ಆಫೀಸಿನ ಕಾಗದದ ಮೇಲೆ ಬೆರಳಿಟ್ಟು, "ಇದು ಸವಾ ಆರು, ಇದು ಸಾಡೇ ಆರು, ಇದು ಪಾವಣೇ ಏಳು. ಇದರಾಗ ತಿಳೀಲಾರದ್ದು ಏನೈತ್ರಿ?" ಎಂದರು. ಅಂದರೆ ಆರೂ ಕಾಲು, ಆರೂವರೆ, ಆರೂ ಮುಕ್ಕಾಲು; ಚುಕ್ಕಿಯ ಮುಂದಿದ್ದದ್ದು ನಿಮಿಷವಲ್ಲ, ಗಂಟೆಯ ಭಾಗ. ಕಾಕಾ ಓದಿದ್ದು ನಾಲ್ಕನೇ ಇಯತ್ತೆ. ಅಜ್ಜಿ ಅದನ್ನೂ ಓದಿಲ್ಲ. ಅವತ್ತು ಆ ಕೋಣೆಯಲ್ಲಿ ಟೈಮ್ ಗೊತ್ತಿಲ್ಲದಿದ್ದವನು ಪದವೀಧರ ಒಬ್ಬನೇ.

೨. ಕಾಲು ಸುತ್ತು

ಅವಮಾನವಾದ ಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತೆ. ಗಂಟೆಯನ್ನು ಇಪ್ಪತ್ನಾಲ್ಕರಿಂದ ಭಾಗಿಸಬೇಕು, ಆಮೇಲೆ ಆ ಕಾಲಮ್ಮಿಗೆ ಟೈಮ್ ಫಾರ್ಮ್ಯಾಟ್ ಕೊಡಬೇಕು. ಭಾಗಿಸಿದೆ. ಅಷ್ಟರಲ್ಲಿ ಚಹಾ ಬಂತು. ಕುಡಿದು ಬಂದವನು ಫಾರ್ಮ್ಯಾಟ್ ಕೊಡುವುದನ್ನು ಮರೆತು ಪ್ರಿಂಟ್ ಕೊಟ್ಟೆ. ಒಂದು ಓಣಿಯ ಮುಂದೆ 0.26, ಇನ್ನೊಂದರ ಮುಂದೆ 0.27, ನಮ್ಮ ಓಣಿಯ ಮುಂದೆ 0.28.

ಮರುದಿನ ಊರಿಗೆಲ್ಲ ನೀರು ನೂಲಿನ ಎಳೆಯ ಹಾಗೆ ಬಂತು. ಒಂದು ಕೊಡ ತುಂಬುವಷ್ಟರಲ್ಲಿ ರೊಟ್ಟಿ ಬಡಿದು ಮುಗಿಸಬಹುದಿತ್ತು. ಪೈಪು ಒಡೆದಿರಬೇಕು ಎಂದು ನಾಲ್ಕು ಜನ ಗುದ್ದಲಿ ಹಿಡಿದು ಹೊರಟೂ ಬಿಟ್ಟರು. ಅವರನ್ನು ತಡೆದವರು ಕಾಕಾ.

"ನೀರು ಉಳಸಾಕ ಮ್ಯಾಲಿಂದ ಹುಕುಂ ಬಂದೈತಿ ಅಂತ ತಿಳಕೊಂಡ್ನಿರಿ," ಎಂದರು ನನಗೆ. "ಸೊನ್ನೆ ಚುಕ್ಕಿ ಇಪ್ಪತ್ತೈದು ಅಂದ್ರ ಕಾಲಲ್ರಿ, ವಾಲ್ ಕಾಲು ಸುತ್ತು ತಿರುವಿದೆ. ನಿಮ್ಮ ಓಣಿಯ ಇಪ್ಪತ್ತೆಂಟರಾಗ ಇಪ್ಪತ್ತೈದರ ಮ್ಯಾಲಿನ ಆ ಮೂರು ಅದಾವಲ್ಲ, ಅವನ್ನ ಹೆಂಗ ತಿರುವೂದು ಅನ್ನೂದ ತಿಳೀಲಿಲ್ಲ. ನೀವ ಬಂದು ತೋರಿಸಿಕೊಡ್ರಿ."

೩. ಕಳೆದುಹೋದ ದಿನ

ಪ್ರತಿ ವಾರ ಒಟ್ಟು ಎಷ್ಟು ತಾಸು ನೀರು ಬಿಟ್ಟೆವು ಎಂದು ತಾಲೂಕಿನ ಸಾಹೇಬರಿಗೆ ವರದಿ ಕಳಿಸಬೇಕು. ಆ ಹೊತ್ತಿಗೆ ನನಗೆ ಫಾರ್ಮ್ಯಾಟ್ ಕೊಡುವುದು ಎಷ್ಟು ಚೆನ್ನಾಗಿ ರೂಢಿಯಾಗಿತ್ತೆಂದರೆ, ಕಂಡ ಕಂಡ ಕಾಲಮ್ಮಿಗೆಲ್ಲ ಕೊಡುತ್ತಿದ್ದೆ. ವರ್ಷ ಮುಗಿಯುತ್ತ ಬಂದಾಗ ಒಂದು ವಾರ ಮೊತ್ತಕ್ಕೂ ಕೊಟ್ಟೆ. ಒಟ್ಟು 2:00 ಎಂದು ಬಂತು. ಕಂಪ್ಯೂಟರ್ ಕೂಡಿಸಿದ್ದನ್ನು ನೋಡಲು ನಾನ್ಯಾರು ಎಂದು ಹಾಗೇ ಕಳಿಸಿದೆ.

ಸಾಹೇಬರ ಫೋನ್ ಬಂತು. ಇಡೀ ವಾರಕ್ಕೆ ಎರಡೇ ತಾಸು ನೀರು ಕೊಟ್ಟಿರೇನು ಎಂದು ಕೇಳಿದರು. ಬಾಜೂಕ್ಕೆ ಕೂತಿದ್ದ ಕಾಕಾ ಬೆರಳಿನ ಗೆಣ್ಣು ಎಣಿಸಿ ಇಪ್ಪತ್ತಾರು ಎಂದರು. ಆಗ ಹೊಳೆಯಿತು. ಟೈಮ್ ಫಾರ್ಮ್ಯಾಟಿನಲ್ಲಿ ಇಪ್ಪತ್ನಾಲ್ಕು ತಾಸು ಮುಗಿಯಿತೆಂದರೆ ಮತ್ತೆ ಸೊನ್ನೆಯಿಂದ ಶುರು.

"ಸರ್, ಒಟ್ಟು ಇಪ್ಪತ್ತಾರು ತಾಸ್ರಿ," ಎಂದೆ.

"ಹಂಗಾರ ಇಪ್ಪತ್ನಾಲ್ಕು ತಾಸು ಎಲ್ಲಿ ಹೋತು?"

"ಅದು ಒಂದು ದಿನ ಆಗಿ ಹೋತ್ರಿ ಸರ್."

ಸಾಹೇಬರು, ಆ ದಿನವನ್ನು ಕಣ್ಣಾರೆ ನೋಡಲು ಸೋಮವಾರ ಬೆಳಿಗ್ಗೆ ತಾವೇ ಬರುವುದಾಗಿ ಹೇಳಿದರು.

೪. ಸಾಹೇಬರ ಷರಾ

ನನ್ನ ಕರಾರು ಮುಗಿಯಲು ಹದಿನೈದು ದಿನವಿತ್ತು. ಅಧ್ಯಕ್ಷರು ಈಗ ನಗುತ್ತಿರಲಿಲ್ಲ. ಎರಡು ದಿನ ಊಟ ರುಚಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಪಟ್ಟಿಯನ್ನು ಹೊಸದಾಗಿ ಮಾಡಿ, ಸಾಲು ಸಾಲಾಗಿ ಕಾಕಾನಿಗೆ ಓದಿ ಹೇಳಿದೆ. ಅವರು ಪ್ರತಿ ಸಾಲಿಗೂ "ಹೌದ್ರಿ" ಎಂದ ಮೇಲೆಯೇ ಅಂಟಿಸಿದೆ. ನಮ್ಮ ಓಣಿಗೆ 6:45. ಜೀವನದಲ್ಲಿ ಮೊದಲ ಸಲ ಒಂದೂ ತಪ್ಪಿಲ್ಲದ ಪಟ್ಟಿ.

ಸೋಮವಾರ ಸಾಹೇಬರು ಬೈಕಿನಲ್ಲಿ ಬಂದು ಸೀದಾ ನಮ್ಮ ಓಣಿಯಲ್ಲೇ ಇಳಿದರು. ಆಗ ಆರೂ ಕಾಲು. ನಳದ ಮುಂದೆ ಇಡೀ ಓಣಿಯ ಕೊಡ ಸಾಲಾಗಿ ಇದ್ದವು, ಹಿಂದೆ ಹೆಂಗಸರು ನಿಂತಿದ್ದರು. ಸಾಹೇಬರು ಕೈಯಲ್ಲಿದ್ದ ಪಟ್ಟಿ ನೋಡಿದರು, ವಾಚು ನೋಡಿದರು, ನನ್ನನ್ನು ನೋಡಿದರು.

"ಪಟ್ಟಿಯೊಳಗ ಆರೂ ನಲವತ್ತೈದು ಅದ. ಮಂದಿ ಈಗ ಯಾಕ ನಿಂತಾರ? ನೀರು ಖರೇನ ಎಷ್ಟಕ್ಕ ಬಿಡ್ತೀರಿ?"

ಪಟ್ಟಿಯಲ್ಲಿದ್ದಷ್ಟಕ್ಕೇ ರೀ ಎಂದೆ. ಸಾಹೇಬರು ಹೆಂಗಸರನ್ನೇ ಕೇಳಿದರು. ನಮಗೇನೂ ಗೊತ್ತಿಲ್ಲ, ಎಲ್ಲರಿಗಿಂತ ಮುಂದೆ ನಿಂತಾಕಿಯ ಗಂಡ ಪಂಚಾಯ್ತಿಯಲ್ಲಿದ್ದಾನೆ, ಆಕೆ ಕೊಡ ಇಟ್ಟಾಗ ನಾವೂ ಇಡುತ್ತೇವೆ ಎಂದು ಅವರು ಕೈ ತೋರಿಸಿದರು. ಮುಂದೆ ನಿಂತವಳು ನನ್ನ ಹೆಂಡತಿ.

ಬಂದವರು ಯಾರೋ ಪೈಪು ರಿಪೇರಿಯವರು ಎಂದು ಆಕೆ ತಿಳಿದಿದ್ದಳು. ನಾನು ಹಿಂದಿನಿಂದ ಕಣ್ಸನ್ನೆ ಮಾಡಿದ್ದು ದಂಡವಾಯಿತು.

"ಪಟ್ಟಿ ಮಾಡಾವ್ರು ನಮ್ಮ ಮನಿಯವರ ರೀ," ಎಂದಳು. "ಅವರು ಯಾವ ಟೈಮ್ ಹೇಳಿದ್ರೂ ನಾ ಅರ್ಧ ತಾಸು ಮೊದಲ ಬಂದು ನಿಂದರತೀನಿ. ಸಂಸಾರ ಮಾಡೀನಲ್ರಿ, ಗೊತ್ತೈತಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ಅಲ್ಲೇ ಕಟ್ಟೆಯ ಮೇಲೆ ಕೂತು ವಾಚು ನೋಡತೊಡಗಿದರು. ಆ ಅರ್ಧ ತಾಸು ನನ್ನ ಇಡೀ ವರ್ಷದ ಕರಾರಿಗಿಂತ ಉದ್ದವಾಗಿತ್ತು. ಸರಿಯಾಗಿ ಆರೂ ನಲವತ್ತೈದಕ್ಕೆ ನಳ ಗೊರಗೊರ ಎಂದು ನೀರು ಧೋ ಎಂದು ಬಿತ್ತು. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ವಾಲಿನ ಹತ್ತಿರ ನಿಂತಿದ್ದ ಕಾಕಾನ ಕಾಲಿಗೆ ಬೀಳಬೇಕು ಅನ್ನಿಸಿತು.

ಸಾಹೇಬರು ಆಫೀಸಿಗೆ ಬಂದು, ತಪಾಸಣೆ ಪುಸ್ತಕದಲ್ಲಿ ಷರಾ ಬರೆದು ಹೋದರು. ನನ್ನ ಕರಾರು ಇನ್ನೊಂದು ವರ್ಷ ಮುಂದುವರಿಯಿತು. ಆದರೆ ಆ ಷರಾವನ್ನು ಅಧ್ಯಕ್ಷರು ತುಂಬಿದ ಸಭೆಯಲ್ಲಿ ನನ್ನ ಕೈಯಲ್ಲೇ ಗಟ್ಟಿಯಾಗಿ ಓದಿಸಿದರು:

"ವೇಳಾಪಟ್ಟಿ ಸರಿ ಇದೆ. ಅದನ್ನು ನಂಬುವಂತೆ ಸಾರ್ವಜನಿಕರಿಗೆ ತಿಳಿವಳಿಕೆ ನೀಡತಕ್ಕದ್ದು. ಸದರಿ ಕಾರ್ಯವನ್ನು ಆಪರೇಟರರ ಮನೆಯಿಂದಲೇ ಆರಂಭಿಸತಕ್ಕದ್ದು."