ರಾಯರ ಟಾಕಿಯೂ ನನ್ನ ತಂತಿಯಿಲ್ಲದ ಜಾಲವೂ

ಶಹಾಬಾದಿನ ನಮ್ಮ ಓಣಿಗೆ ತಂತಿಯಿಲ್ಲದ ಇಂಟರ್ನೆಟ್ ತಂದವನು ನಾನೇ. ಇದರಲ್ಲಿ ಸಂಶಯವಿಲ್ಲ. ಯಾವ ವರ್ಷ ತಂದೆ ಎಂಬುದರಲ್ಲಿ ಮಾತ್ರ ಇದೆ. ನನ್ನ ನೆನಪಿನ ಪ್ರಕಾರ ಎರಡು ಸಾವಿರದ ಆರು. ಹೆಂಡತಿ ಸುಮಂಗಲಾ ಪ್ರಕಾರ ಏಳು, ಯಾಕೆಂದರೆ ಅವಳ ಹಿಟ್ಟಿನ ಸಾಣಿಗೆ ಹಾಳಾದದ್ದು ಆ ವರ್ಷ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಪುರಾವೆ ಇಲ್ಲದೆ ಯಾವುದನ್ನೂ ನಂಬಬೇಡ ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿದೆ, ನನ್ನ ನೆನಪನ್ನೂ ಹಾಗೆ ನಂಬಬೇಡ ಎಂದು ವಯಸ್ಸು ಕಲಿಸಿದೆ. ಆದ್ದರಿಂದ ಏಳು ಎಂದೇ ಇಟ್ಟುಕೊಳ್ಳೋಣ. ಸಾಣಿಗೆ ಒಂದು ಪುರಾವೆ.

ಮನೆಗೆ ಫೋನಿನ ತಂತಿಯಲ್ಲಿ ಇಂಟರ್ನೆಟ್ ಬಂದಾಗ ನನಗೆ ತೃಪ್ತಿಯಾಗಲಿಲ್ಲ. ತಂತಿಯಲ್ಲಿ ಬರುವುದರಲ್ಲಿ ಏನು ಹೆಚ್ಚುಗಾರಿಕೆ? ಹೈದರಾಬಾದಿನಿಂದ ಎರಡು ಕೊಂಬಿನ ಒಂದು ಪುಟ್ಟ ಪೆಟ್ಟಿಗೆ ತರಿಸಿದೆ. ಅದರ ನೆತ್ತಿಯ ಮೇಲೆ ಹಸಿರು ದೀಪ ಮಿಣುಕುತ್ತಿತ್ತು. ಸಂಜೆ ಹೊತ್ತು, ಕಲ್ಲು ಪಾಲಿಶಿನ ಬಿಳಿ ಧೂಳು ಓಣಿಯ ಮೇಲೆ ಮೆಲ್ಲಗೆ ಇಳಿಯುವಾಗ, ವಾಡಿ ಕಡೆಯಿಂದ ರೈಲಿನ ಕೂಗು ತೇಲಿ ಬರುವಾಗ, ಆ ದೀಪವನ್ನು ನೋಡುತ್ತ ಕೂತರೆ ನನಗೆ ಕನಸು ಬೀಳುತ್ತಿತ್ತು. ಊದಿನ ಹೊಗೆಯ ಹಾಗೆ ಕಣ್ಣಿಗೆ ಕಾಣದ ಎಳೆಗಳು ನಮ್ಮ ಮಾಳಿಗೆಯಿಂದ ಎದ್ದು ಓಣಿ ದಾಟಿ, ವಾಡಿ, ನಾಲವಾರ, ಚಿತ್ತಾಪುರ, ಸೇಡಂ ದಾಟಿ, ಚಿಂಚೋಳಿಯ ಕಾಡಿನೊಳಗೆ ಹೊಕ್ಕು, ಚಂದ್ರಂಪಳ್ಳಿಯ ನೀರಿನ ಮೇಲೆ ಮಂಜಾಗಿ ನಿಂತಂತೆ. ಆ ಮಂಜಿಗೆಲ್ಲ ನಾನೇ ಮಾಲೀಕ!

ವಾಸ್ತವದಲ್ಲಿ ಆ ಎಳೆ ಪಡಸಾಲೆಯಿಂದ ಅಡಿಗೆಮನೆಗೂ ಹೋಗಲಿಲ್ಲ.

ನಮ್ಮ ಊರಿನ ಹಳೆಯ ಮನೆಗಳು ಗೊತ್ತಲ್ಲ. ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲೂ ಕಲ್ಲು. ಎರಡಡಿ ದಪ್ಪದ ಗೋಡೆಯ ಮುಂದೆ ಹೈದರಾಬಾದಿನ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತು. ನಾನು ಎದೆಗುಂದಲಿಲ್ಲ. ಫೋನು, ಅದರ ತಂತಿಗೇ ಸೇರಿದ ನನ್ನ ಕಂಪ್ಯೂಟರು ಪಡಸಾಲೆಯಲ್ಲೇ ಉಳಿದವು. ಅಲ್ಲಿಂದ ಉದ್ದನೆಯ ತಂತಿ ಎಳೆದು ಪೆಟ್ಟಿಗೆಯನ್ನು ಮಾಳಿಗೆಯ ಮೇಲಿನ ಕೋಣೆಯ ಕಿಟಕಿಗೆ ಏರಿಸಿದೆ. ತಂತಿಯಿಲ್ಲದ ಜಾಲಕ್ಕೆ ಇಪ್ಪತ್ತು ಮೀಟರ್ ತಂತಿ ಬೇಕಾಯಿತು. ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು ಗಿರಾಕಿ ಬೇಕು. ಒಂದು ಮನೆ ಬಿಟ್ಟು ಆಚೆಗೆ ಬಸಣ್ಣ ಸಾವಕಾರರ ಮನೆ. ಕಲ್ಲಿನ ವ್ಯಾಪಾರಿ. ಹೊಸ ಕಂಪ್ಯೂಟರ್ ಕೊಂಡು ಮೇಲಿನ ಕೋಣೆಯಲ್ಲಿ ಮುಸುಕು ಹಾಕಿ ಇಟ್ಟಿದ್ದರು. ಅವರಿಗೆ ನನ್ನ ಯೋಜನೆಯನ್ನು ಒಂದು ತಾಸು ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, ತಂತಿ ಎಲ್ಲಿ ಎಂದರು. ತಂತಿ ಇರುವುದಿಲ್ಲ, ಅದೇ ವಿಶೇಷ ಎಂದೆ.

"ಕಲ್ಲಾದ್ರ ಬಡದು ನೋಡಿ ತಗೋತೀನ್ರಿ ಸರ್," ಎಂದರು. "ಠಣ್ ಅಂದ್ರ ಗಟ್ಟಿ, ಠಪ್ ಅಂದ್ರ ಒಳಗ ಸೀಳು. ನಿಮ್ಮ ಈ ಮಾಲನ್ನ ಎಲ್ಲಿ ಬಡೀಲಿ?"

ಆದರೂ ಒಪ್ಪಿದರು, ಮಗಳು ಶೈಲಾಳ ಸಲುವಾಗಿ. ಶೈಲಾ ಬಿ.ಎಡ್. ಮುಗಿಸಿದ್ದಳು. ಮಾಸ್ತರಿಕೆಯ ಅರ್ಜಿ ಆ ಸಲ ಇಂಟರ್ನೆಟ್ಟಿನಲ್ಲೇ ತುಂಬಬೇಕಿತ್ತು. ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗುತ್ತೇನೆ ಎಂದ ಹುಡುಗಿಯನ್ನು ತಡೆದವನು ನಾನು. "ನೀ ಹೊಸ್ತಿಲಾನೂ ದಾಟೂದು ಬ್ಯಾಡವ್ವ," ಎಂದು ಎಲ್ಲರೆದುರಿಗೆ ಮಾತು ಕೊಟ್ಟೆ. ಆ ಮಾತು ಹೇಳುವಾಗ ನನ್ನ ದನಿ ತುಂಬಾ ಗಂಭೀರವಾಗಿತ್ತು ಎಂದು ನೆನಪು. ಸುಮಂಗಲಾ ಮಾತ್ರ "ಮೂಗಿನಲ್ಲಿ ಮಾತಾಡಿದ್ರಿ, ನೆಗಡಿ ಬಂದಿತ್ತು," ಎನ್ನುತ್ತಾಳೆ.

ಎರಡು ಕಿಟಕಿಗಳೂ ಎದುರುಬದುರು. ನಡುವೆ ನಿವೃತ್ತ ಪೋಸ್ಟ್ ಮಾಸ್ಟರ್ ವೆಂಕಟರಾಯರ ಮಾಳಿಗೆ, ಅದರ ಮೇಲೆ ಅವರ ನೀರಿನ ಕಪ್ಪು ಟಾಕಿ. ತರಂಗ ಚದುರಬಾರದೆಂದು ಹೆಂಡತಿಯ ಸ್ಟೀಲಿನ ಸಾಣಿಗೆ ತಂದು, ನಡುವೆ ತೂತು ಕೊರೆದು, ಪೆಟ್ಟಿಗೆಯ ಹಿಂದೆ ಕಟ್ಟಿದೆ. ಬಸಣ್ಣನವರ ಮನೆಯಲ್ಲಿ ಸಿಗ್ನಲ್ಲಿನ ಐದೂ ಕಡ್ಡಿಗಳು ಎದ್ದು ನಿಂತವು! ಅತ್ತ ಸಿಗ್ನಲ್ ಮುಟ್ಟಿದರೆ ಇತ್ತ ಪೆಟ್ಟಿಗೆಯ ಹಸಿರು ದೀಪ ಪಟಪಟ ಮಿಣುಕುತ್ತಿತ್ತು. ಅಂದಿನಿಂದ ನಮ್ಮ ಮನೆಯ ರೊಟ್ಟಿಯಲ್ಲಿ ಹೊಟ್ಟು. ವಿಜ್ಞಾನಕ್ಕೆ ತ್ಯಾಗ ಬೇಕು, ಅದೂ ಹೆಂಡತಿಯದಾದರೆ ಇನ್ನೂ ಒಳ್ಳೆಯದು.

ಮರುದಿನ ಸಿಗ್ನಲ್ ಇಲ್ಲ. ಅದರ ಮರುದಿನ ಮಿಣಿ ಮಿಣಿ. ಮೂರನೆಯ ದಿನ ಸ್ವಚ್ಛ. ನಾಲ್ಕನೆಯ ದಿನ ಮತ್ತೆ ಮಾಯ.

ಇಂಥ ಸಮಯದಲ್ಲಿ ಮಾಮೂಲು ಮನುಷ್ಯ ಪೆಟ್ಟಿಗೆಯ ತಲೆಗೆ ಎರಡು ಬಡಿಯುತ್ತಾನೆ. ನಾನು ಒಂದು ಉದ್ದನೆಯ ನೋಟ್ ಬುಕ್ ತೆಗೆದೆ. ದಿನಕ್ಕೆ ನಾಲ್ಕು ಸಲ ಮಾಳಿಗೆ ಹತ್ತಿ ಬರೆದುಕೊಂಡೆ. ಗಾಳಿ, ಬಿಸಿಲು, ಸಿಮೆಂಟಿನ ಧೂಳು, ಮಾಲುಗಾಡಿಗಳ ಓಡಾಟ, ಒಂದು ವಾರ ಚಂದ್ರನನ್ನೂ. ಚಂದ್ರ ನಿರಪರಾಧಿ ಎಂದು ಸಿದ್ಧವಾಯಿತು.

ಆ ದಿನಗಳಲ್ಲೇ ಇರಬೇಕು, ಸುಮಂಗಲಾ ಸೊಪ್ಪು ಸೋಸುತ್ತ, "ರೀ, ನಳ ಬಂದ ದಿನ ನಿಮ್ಮ ಸಿಗ್ನಲ್ ಹೋಗ್ತದ ನೋಡ್ರಿ," ಎಂದಳು. ನಮ್ಮಲ್ಲಿ ನಳದ ನೀರು ಬರುವುದು ಮೂರು ದಿನಕ್ಕೊಮ್ಮೆ. ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಅವಳು ಸೊಪ್ಪು ಮುಗಿಸಿ ಎದ್ದು ಹೋದಳು.

ಆದರೂ ಮಾತು ತಲೆಯಲ್ಲಿ ಉಳಿಯಿತು. ನಳ ಬಂದ ದಿನ ರಾಯರ ಹೆಂಡತಿ ಪದ್ಮಾಬಾಯಿ ಸೀರೆ ಒಗೆದು ಮಾಳಿಗೆಯ ಮೇಲೆ ಒಣಹಾಕುತ್ತಿದ್ದರು. ಒದ್ದೆ ಸೀರೆ! ನೀರು ಈ ತರಂಗಗಳನ್ನು ಗಟಗಟ ಕುಡಿಯುತ್ತದೆ ಎಂದು ಓದಿದ್ದು ನೆನಪಾಯಿತು. ಮೋಟುಗೋಡೆ ದಾಟಿ, ಸೀರೆಯನ್ನು ಕೈಯಿಂದ ಸರಿಸಿ, ದೀಪ ನೋಡಿದೆ. ಬದಲಾವಣೆ ಇಲ್ಲ. ಸೀರೆಗೂ ಸಿಗ್ನಲ್ಲಿಗೂ ಸಂಬಂಧವಿಲ್ಲ, ಆದ್ದರಿಂದ ನೀರಿಗೂ ಇಲ್ಲ ಎಂದು ನೋಟ್ ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದೆ. ಹಾಗೆ ಬರೆಯುವಾಗ ನನ್ನ ಬೆನ್ನು ತಾಗಿದ್ದು ರಾಯರ ತುಂಬಿದ ಟಾಕಿಗೆ. ತಣ್ಣಗೆ ಹಿತವಾಗಿತ್ತು.

ಅದು ಮಡಿ ಸೀರೆ ಎಂಬುದು ಪದ್ಮಾಬಾಯಿ ಮೇಲೆ ಬಂದಾಗ ತಿಳಿಯಿತು. ಅದನ್ನವರು ಮತ್ತೆ ಒಗೆದರು. ಅದರ ಪಕ್ಕದಲ್ಲಿದ್ದುದನ್ನೂ ಒಗೆದರು. ನನ್ನ ಸಿಗ್ನಲ್ ಮುಟ್ಟದ ಮನೆಯಲ್ಲಿ ನಾನು ಎಲ್ಲವನ್ನೂ ಮುಟ್ಟಿಬಿಟ್ಟಿದ್ದೆ.

ಇತ್ತ ಶೈಲಾಳ ಅಂಕಪಟ್ಟಿ ಕೈಗೆ ಬಂದದ್ದು ಕೊನೆಯ ವಾರ. ಆ ವಾರ ಮೂರು ಸಲ ಅರ್ಜಿಗೆ ಕೂತಳು. ಮೂರೂ ಸಲ ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಸಿಗ್ನಲ್ ಕಣ್ಣು ಮುಚ್ಚಿತು. ಸಿಗ್ನಲ್ ಸ್ವಚ್ಛವಿದ್ದ ದಿನ ಕರೆಂಟ್ ಇರಲಿಲ್ಲ. ಪ್ರತಿ ಸಲವೂ ಅವಳು ಕಿಟಕಿಯಿಂದ "ಇರ್ಲಿ ಬಿಡ್ರಿ ಕಾಕಾ," ಎನ್ನುತ್ತಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಕೊನೆಯ ದಿನ ಬಂತು. ಸಂಜೆ ಐದಕ್ಕೆ ಅರ್ಜಿಯ ಬಾಗಿಲು ಮುಚ್ಚುತ್ತದೆ. ಬೆಳಿಗ್ಗೆಯೇ ನಳ ಬಂದಿತ್ತು, ಸಿಗ್ನಲ್ ಸತ್ತಿತ್ತು. ಎರಡು ಗಂಟೆಯ ಹೊತ್ತಿಗೆ ನೋಟ್ ಬುಕ್ ಎತ್ತಿಕೊಂಡೆ. ಗಡಿಬಿಡಿಯಲ್ಲಿ ಹಿಂದುಮುಂದಾಗಿ ತೆರೆದೆ. ಕೊನೆಯ ಪುಟಗಳಲ್ಲಿ ಸುಮಂಗಲಾ ತನ್ನ ಲೆಕ್ಕಕ್ಕೆಂದು ತಾರೀಖು ಬರೆದಿಟ್ಟಿದ್ದಳು: ನೀರು ಬಂತು, ನೀರು ಬಂತು, ನೀರು ಬಂತು. ಮೊದಲ ಪುಟಗಳಲ್ಲಿ ನನ್ನ ಅಕ್ಷರ: ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ. ತಾರೀಖುಗಳು ಒಂದೂ ತಪ್ಪಿರಲಿಲ್ಲ. ಕಿಟಕಿಯಿಂದ ನೋಡಿದೆ. ಎರಡು ಮನೆಗಳ ಸರಿನಡುವೆ, ಬಿಸಿಲಿನಲ್ಲಿ, ಸಾವಿರ ಲೀಟರಿನ ಕಪ್ಪು ಟಾಕಿ ಹೊಟ್ಟೆ ತುಂಬಿಸಿಕೊಂಡು ಕೂತಿತ್ತು. ಒಂದು ತಿಂಗಳಿಂದ ನನ್ನ ತರಂಗಗಳನ್ನೆಲ್ಲ ಕುಡಿದದ್ದು ಅದೇ.

ನೇರ ರಾಯರ ಮನೆಗೆ ಓಡಿದೆ. ಟಾಕಿ ಖಾಲಿ ಮಾಡಬೇಕು ಎಂದೆ.

"ನಳದ ದಿನ ಟಾಕಿ ಖಾಲಿ ಮಾಡು ಅಂತೀರಲ್ಲ ಮಾಸ್ತರ್ರ, ತಲಿ ಸರಿ ಅದ ಏನು ನಿಮ್ದು?"

"ಶೈಲಾನ ನೌಕರಿ ಪ್ರಶ್ನ ಅದರಿ ರಾಯರ."

ರಾಯರು ಕನ್ನಡಕ ತೆಗೆದು ಒರೆಸಿದರು. ಆ ಹುಡುಗಿ ಅವರ ಕಣ್ಣೆದುರೇ ಬೆಳೆದವಳು. "ಆಯ್ತು. ಒಂದು ಹನಿ ಗಟಾರಕ್ಕ ಹೋಗಬಾರದು. ಖಾಲಿ ಮಾಡಿದವರೇ ತುಂಬಬೇಕು," ಎಂದರು.

ಓಣಿಯ ಹೆಂಗಸರೆಲ್ಲ ಕೊಡ, ಬಕೀಟು ಹಿಡಿದು ಬಂದರು. ಕಾರಣ ಯಾರೂ ಕೇಳಲಿಲ್ಲ. ಪುಕ್ಕಟೆ ನೀರಿಗೆ ನಮ್ಮೂರಲ್ಲಿ ಕಾರಣ ಬೇಕಾಗಿಲ್ಲ. ನಾನು ಟಾಕಿಯ ಬುಡದಲ್ಲಿ ಕೂತು ನಳ ತಿರುಗಿಸುತ್ತ, ಆಗಾಗ ಎದ್ದು ನಮ್ಮ ಕಿಟಕಿಯ ದೀಪ ನೋಡುತ್ತಿದ್ದೆ. ಮೂರೂವರೆ. ನಾಲ್ಕು. ಪಂಚೆ ತೊಯ್ದು ಕಾಲಿಗೆ ಅಂಟಿತು. ನೀರು ಇಳಿಯುತ್ತಿತ್ತು, ಬೆಳಕು ಹಳದಿಯಾಗುತ್ತಿತ್ತು. ದೂರದಲ್ಲಿ ಯಾವುದೋ ರೈಲು ಬಹಳ ಹೊತ್ತು ಕೂಗಿತು. ಆ ಗಳಿಗೆಯಲ್ಲಿ, ನಂಬಿ, ಕಣ್ಣಿಗೆ ಕಾಣದ ಎಳೆಯೊಂದು ಖಾಲಿ ಟಾಕಿಯ ಹೊಟ್ಟೆಯೊಳಗಿಂದ ತೂರಿ ಆಚೆಗೆ ಹೋದದ್ದನ್ನು ನಾನು ಕಂಡೆ. ಕಾಣಲು ಸಾಧ್ಯವಿಲ್ಲ ಎಂದು ನನ್ನದೇ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಆದರೂ ಕಂಡೆ. ಹಸಿರು ದೀಪ ಪಟಪಟ ಮಿಣುಕಿತು. ನಾಲ್ಕು ಇಪ್ಪತ್ತು!

"ಬಂತು, ಶೈಲಾ, ಬಂತು! ತುಂಬು!" ಎಂದು ಕೂಗಿದೆ.

ಎದುರಿನ ಕಿಟಕಿಯಲ್ಲಿ ಬಸಣ್ಣನವರ ತಲೆ ಕಂಡಿತು. "ಶೈಲಾ ಎಲ್ಲಿದ್ದಾಳ್ರಿ ಇಲ್ಲಿ? ನಿಮ್ಮ ಮನಿಗೇ ಹೋಗ್ಯಾಳಲ್ಲ, ಆಗ್ಲೇ ಒಂದು ತಾಸಾತು."

ತೊಯ್ದ ಪಂಚೆಯಲ್ಲೇ ಮನೆಗೆ ಬಂದೆ. ಪಡಸಾಲೆಯಲ್ಲಿ ನನ್ನ ಕುರ್ಚಿಯ ಮೇಲೆ, ನನ್ನ ಕಂಪ್ಯೂಟರಿನ ಮುಂದೆ ಶೈಲಾ ಕೂತು ಚುರುಮುರಿ ಸೂಸಲಾ ತಿನ್ನುತ್ತಿದ್ದಳು. ಪಕ್ಕದಲ್ಲಿ ಸುಮಂಗಲಾ. ಅರ್ಜಿ ಹೋಗಿ ಎಷ್ಟೋ ಹೊತ್ತಾಗಿತ್ತು. ಮೂವತ್ತು ಹೆಜ್ಜೆ ನಡೆದು ಬಂದಿದ್ದಳು, ಅಷ್ಟೇ. ಒಂದು ತಿಂಗಳಲ್ಲಿ ಇದು ನನಗೆ ಹೊಳೆದಿರಲಿಲ್ಲ.

"ಮೊದ್ಲೇ ಹೇಳಬೇಕಿಲ್ಲೇನು?" ಎಂದೆ.

ಶೈಲಾ ತಲೆ ತಗ್ಗಿಸಿದಳು. "ನೀವು ಬ್ಯಾಸರ ಮಾಡ್ಕೋತೀರಿ ಅಂತ ಸುಮ್ಮನಿದ್ದೆ, ಕಾಕಾ. ಇವತ್ತ ಕಾಕೂನೇ ಬಂದು ಕರದ್ರು."

ಸುಮಂಗಲಾ ನನಗೊಂದು ಒಣ ಪಂಚೆ ಕೊಟ್ಟು, "ರಾಯರ ಮನ್ಯಾಗ ಕುಡಿಲಿಕ್ಕರ ನೀರು ಉಳಿಸೀರೋ ಇಲ್ಲೋ?" ಎಂದಳು.

ಉಳಿಸಿರಲಿಲ್ಲ. ಮುಂದೆ ಎರಡು ದಿನ ಬೋರ್‌ವೆಲ್ಲಿನಿಂದ ಕೊಡ ಹೊತ್ತೆ. ಪದ್ಮಾಬಾಯಿ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ನೀರು ಇಳಿಸಿಕೊಂಡರು.

ಶೈಲಾ ಈಗ ಕುರಕುಂಟಾದ ಕಡೆ ಶಾಲೆಯಲ್ಲಿ ಟೀಚರು. ಈ ಕತೆಯನ್ನು ನಾನು ಕಾಲೇಜಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ನೀರಿನ ಗುಟ್ಟು ಪತ್ತೆ ಹಚ್ಚಿದವನು ನಾನು ಎಂದು. ಆ ದಿನ ಅಷ್ಟೆಲ್ಲ ಗದ್ದಲದ ನಡುವೆಯೂ ನೋಟ್ ಬುಕ್ಕಿನಲ್ಲಿ ಸಿಗ್ನಲ್ ಬಂದ ಸಮಯ ಬರೆದಿಟ್ಟ ನೆನಪು ನನಗೆ ಚೆನ್ನಾಗಿದೆ. ಇದನ್ನು ಬರೆಯುವ ಮುಂಚೆ, ಪುರಾವೆಗೆಂದು, ಅಟ್ಟದಿಂದ ಅದನ್ನು ಇಳಿಸಿ ಧೂಳು ಕೊಡವಿ ಆ ತಾರೀಖಿನ ಪುಟ ತೆರೆದೆ. ವರ್ಷ ಏಳೇ. ನನ್ನ ಅಕ್ಷರ ಎಲ್ಲೂ ಇಲ್ಲ. ಸುಮಂಗಲಾಳ ದುಂಡು ಅಕ್ಷರದಲ್ಲಿ ನಾಲ್ಕು ಸಾಲು ಇದ್ದವು:

ನೀರು ಬಂತು. ಶೈಲಾ ಬಂದಳು. ಅರ್ಜಿ ಹೋಯಿತು. ಇವರು ಇನ್ನೂ ಮಾಳಿಗೆ ಮೇಲೆ ಇದ್ದಾರೆ.