ನಮ್ಮ ಮನೆಯ ಆರನೆಯವಳ ಕಡತ ಬಾಕಿಯೇ ಇರಲಿ

ಮನೆ-ಮಂದಿ ಮಿತಿ ಮಂಡಳಿಯ ಜಿಲ್ಲಾ ಅಧಿಕಾರಿಗಳೂ, ಲಕ್ಷ್ಮೇಶ್ವರದಿಂದ ಮುಂಡರಗಿಯ ಕೊನೆಯ ಓಣಿಯವರೆಗೆ ಪ್ರತಿಯೊಂದು ತಲೆಯ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿರುವವರೂ ಆದ ಶ್ರೀ ಮಾಂತೇಶ ಅವರ ಸನ್ನಿಧಿಗೆ,

ಮಾನ್ಯರೇ,

ಲಕ್ಕುಂಡಿಯಿಂದ ಮಮತಾ ಎಂಬ ಹದಿನೇಳು ವರ್ಷದ ಹುಡುಗಿ ಮಾಡುವ ನಮಸ್ಕಾರಗಳನ್ನು ತಾವು ಎಣಿಸದೆ ಸ್ವೀಕರಿಸಬೇಕಾಗಿ ವಿನಂತಿ. ತಮ್ಮ ಕಚೇರಿಯ ಮೇಲೆ ನನ್ನದೊಂದು ದೂರಿದೆ. ಆರು ತಿಂಗಳಿನಿಂದ ಗೌರವಯುತವಾಗಿ ಧೂಳು ತಿನ್ನುತ್ತಿದ್ದ ನಮ್ಮ ಕಡತವನ್ನು ಯಾರೋ ಕೊಡವಿ ತೆಗೆದು, ‘ಹದಿನೈದು ದಿನಗಳೊಳಗೆ ತೀರ್ಮಾನಿಸಲಾಗುವುದು’ ಎಂದು ನಮಗೆ ಪತ್ರ ಕಳಿಸಿದ್ದಾರೆ. ಸರಕಾರಿ ಕಚೇರಿಯೊಂದು ಹೀಗೆ ಮುನ್ಸೂಚನೆಯಿಲ್ಲದೆ ಚುರುಕಾಗಿಬಿಟ್ಟರೆ ನಮ್ಮಂಥ ಬಡಪಾಯಿಗಳು ಯಾರನ್ನು ನಂಬಿ ಬದುಕಬೇಕು ಎಂಬುದೇ ನನ್ನ ದೂರಿನ ಸಾರ. ತಮಗೆ ನೂರಾರು ಕಡತಗಳಿರುವುದರಿಂದ ನಮ್ಮದು ಮರೆತಿರಬಹುದೆಂದು ಮೊದಲಿನಿಂದ ಹೇಳುತ್ತೇನೆ.

ಒಂದು ಮನೆಗೆ ಐದೇ ಮಂದಿ ಎಂಬ ತಮ್ಮ ನಿಯಮ ಬಂದಾಗ ಅದನ್ನು ನಮ್ಮೂರಿನಲ್ಲಿ ನನಗಿಂತ ಹೆಚ್ಚು ನಂಬಿದವರು ಯಾರೂ ಇರಲಿಲ್ಲ. ನಾನೇ ಹೋಗಿ ‘ಮಿತಿಮಿತ್ರ’ಳಾಗಿ ಸೇರಿದೆ. ತೋಳಿಗೆ ಕೇಸರಿ ಪಟ್ಟಿ ಕಟ್ಟಿಕೊಂಡು ಪ್ರತಿ ಸೋಮವಾರ ನಲವತ್ತು ಮನೆಗಳ ತಲೆ ಎಣಿಸಿ ತಮಗೆ ವರದಿ ಕಳಿಸುವುದು ನನ್ನ ಕೆಲಸವಾಗಿತ್ತು. ಎರಡು ವರ್ಷ ಒಂದೂ ತಲೆ ತಪ್ಪದಂತೆ ಎಣಿಸಿದವರಿಗೆ ಪದವಿ ಕಾಲೇಜಿನಲ್ಲಿ ಸೀಟು ಖಾತ್ರಿ ಎಂದು ತಾವು ಮಾತು ಕೊಟ್ಟಿದ್ದಿರಿ. ನಮ್ಮಣ್ಣ ಲೋಹಿತ ಗದಗಿನ ಮುದ್ರಣಾಲಯದಲ್ಲಿ ದುಡಿಯುವವನು. ‘ಐದಾದರೆ ಮನೆ, ಆರಾದರೆ ಸಂತೆ’ ಎಂಬ ತಮ್ಮ ಭಿತ್ತಿಪತ್ರಗಳೆಲ್ಲ ಅವನ ಕೈಯಿಂದಲೇ ಹೊರಬಿದ್ದವು. ನಮ್ಮ ಅಪ್ಪ ಅವ್ವ ಇಬ್ಬರಂತೂ ಮಿತಿ ಪಾಲಿಸುವುದಕ್ಕಾಗಿ ಶಿರಹಟ್ಟಿಯ ಸೋದರಮಾವನ ಮನೆಯ ಪಟ್ಟಿಗೆ ಸೇರಿಕೊಂಡು, ಹಬ್ಬಕ್ಕೆ ಬರುವಾಗ ಅತಿಥಿ ಚೀಟಿ ತೆಗೆದುಕೊಂಡೇ ಬರುತ್ತಿದ್ದರು. ಇಂಥ ಆದರ್ಶ ಕುಟುಂಬ ತಮಗೆ ಇನ್ನೆಲ್ಲಿ ಸಿಕ್ಕೀತು?

ನನ್ನ ನಿಷ್ಠೆಗೆ ಇನ್ನೊಂದು ಸಾಕ್ಷಿಯನ್ನು ಹೇಳಲೇಬೇಕು. ಹಿಂದಿನ ಓಣಿಯ ಲಕ್ಕಪ್ಪನ ಮನೆಯಲ್ಲಿ ಊರೂರು ಸುತ್ತಿ ಮರಳಿದ್ದ ಅವನ ತಮ್ಮ ಆರನೆಯವನಾಗಿದ್ದ. ‘ಕೊನೆಗೆ ಬಂದವರೇ ಹೆಚ್ಚುವರಿ’ ಎಂಬ ನಿಯಮದಂತೆ ನಾನು ವರದಿ ಮಾಡಿದೆ. ತಾವು ಅವನನ್ನು ಲಕ್ಷ್ಮೇಶ್ವರದಲ್ಲಿ ಮಂದಿ ಕಡಿಮೆಯಿದ್ದ ಯಾವುದೋ ಮನೆಗೆ ವರ್ಗ ಮಾಡಿದಿರಿ, ನನಗೆ ಪ್ರಶಸ್ತಿ ಪತ್ರ ಕಳಿಸಿದಿರಿ. ಮುಂದಿನ ಸೋಮವಾರ ಹೋದಾಗ ಲಕ್ಕಪ್ಪ ಬಾಗಿಲಲ್ಲೇ ನಿಂತು, “ಬಾ ಯವ್ವಾ, ಎಣಸು. ಈಗ ಬರೋಬ್ಬರಿ ಐದ ಮಂದಿ ಅದೀವಿ. ತಮ್ಮನ ತಾಟು ಒಂದ ಹೆಚ್ಚಾಗೇತಿ, ಅದನ್ನೂ ಎಣಸ್ತಿ ಏನು?” ಎಂದು ಕೇಳಿದ. ನಾನು ‘ಐದು’ ಎಂದು ಬರೆದುಕೊಂಡು ಬಂದೆ. ತಾಟಿನ ವಿಷಯ ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಇಷ್ಟಾದ ಮೇಲೆ ಶ್ರಾವಣದ ಒಂದು ಮಧ್ಯಾಹ್ನ ಅಣ್ಣನ ಹೆಂಡತಿ, ನಮ್ಮ ವೈನಿ ನೀಲಾಗೆ ದಿನ ತುಂಬುವ ಮೊದಲೇ ನೋವು ಬಂತು. ಮನೆಯಲ್ಲಿ ಆಗ ನಮ್ಮ ಆಯಿ, ಅಂದರೆ ಅಜ್ಜಿ ಶಂಕ್ರೆವ್ವ, ಅಣ್ಣ, ವೈನಿ ಮತ್ತು ನಾನು ಸೇರಿ ನಾಲ್ಕು ಮಂದಿ. ಒಂದು ಕೂಸಿಗೆ ತಾವು ದಯಪಾಲಿಸಿದ ಜಾಗ ಖಾಲಿಯಿತ್ತು. ಸ್ಕ್ಯಾನಿಂಗಿನಲ್ಲಿ ಕಂಡದ್ದೂ ಒಂದೇ ಕೂಸು. ಗದಗಿಗೆ ಒಯ್ಯುವಷ್ಟು ಹೊತ್ತಿರಲಿಲ್ಲವಾದ್ದರಿಂದ, ಮೊದಲು ದವಾಖಾನೆಯಲ್ಲಿ ಆಯಾ ಆಗಿದ್ದು ಈಗ ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳೇ ಇರುವ ಖಾತುನಬಿ ಕಾಕಿ ಓಡಿ ಬಂದಳು. ಹೆಣ್ಣುಕೂಸು ಹುಟ್ಟಿತು. ಆಯಿ ಹೊರಗೆ ನಿಂತು ದೇವರಿಗೆ ಕೈಮುಗಿಯುತ್ತಿರುವಾಗಲೇ ಒಳಗಿನಿಂದ ಕಾಕಿ, “ತಡೀರಿ, ಇನ್ನೊಂದು ಐತಿ!” ಎಂದು ಕೂಗಿದಳು.

“ಇನ್ನೊಂದು ಕೊಡ ನೀರು ಬೇಕೇನ?” ಎಂದು ಆಯಿ ಕೇಳಿದಳು.

“ನೀರಲ್ಲ ಶಂಕ್ರೆವ್ವಾ, ಕೂಸು!”

ಹತ್ತು ನಿಮಿಷ ತಡವಾಗಿ ಬಂದ ಆ ಎರಡನೆಯ ಹೆಣ್ಣು ಮೊದಲನೆಯದರ ಪಡಿಯಚ್ಚು. ಗುರುತಿಗೆಂದು ನಾನೇ ಅದರ ಕಾಲಿಗೆ ಕರಿ ದಾರ ಕಟ್ಟಿದೆ. ಎಣಿಸುವವಳ ರೂಢಿ, ಸ್ವಾಮಿ. ಅತ್ತೆಯಾದ ಸಂತೋಷಕ್ಕಿಂತ ಮೊದಲು ನನಗೆ ಗುರುತೇ ನೆನಪಾಯಿತು.

ಹೆಚ್ಚುವರಿ ತಲೆಯನ್ನು ಏಳು ದಿನಗಳೊಳಗೆ ತಿಳಿಸಬೇಕು, ತಾವು ಅದನ್ನು ಬೇರೆ ಊರಿನ ಬೇರೆ ಮನೆಗೆ ಬೇರೆ ಹೆಸರಿನಲ್ಲಿ ಕೊಡುತ್ತೀರಿ ಎಂಬುದು ನಮಗೆಲ್ಲ ಗೊತ್ತಿತ್ತು. ಆರನೆಯ ದಿನ ಆಯಿ ತನ್ನ ಸೀರೆಗಳನ್ನು ಗಂಟು ಕಟ್ಟಿ ನಡುಮನೆಯಲ್ಲಿ ಇಟ್ಟು, “ನನಗ ಎಪ್ಪತ್ತೆರಡಾತು. ನನ್ನ ಹೆಸರ ಬರಿ. ಎಲ್ಲಿಗೆ ಕಳಸ್ತಾರ ಕಳಸ್ಲಿ, ರೊಟ್ಟಿ ಬಡಿಯೋ ಕೈ ಎಲ್ಲಿ ಹೋದ್ರೂ ಬೇಕಾಗತೈತಿ” ಎಂದಳು. ಬದಲಿ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು ನಾನು ಹೇಳಿದೆ. ಅಣ್ಣ ತಾನೇ ಅಚ್ಚು ಹಾಕಿದ ಭಿತ್ತಿಪತ್ರವನ್ನು ಗೋಡೆಯಿಂದ ಕಿತ್ತು ಮುದುಡಿದ, ಆಯಿ, “ಸಂತಿ ಅಂದ್ರ ಕೆಟ್ಟದ್ದೇನಲೇ? ಸಂತ್ಯಾಗ ಎಲ್ಲಾ ಸಿಗತೈತಿ” ಎಂದು ಅವನಿಗೆ ಸಮಾಧಾನ ಹೇಳಿದಳು. ವೈನಿ ಮಾತ್ರ ಅಳಲಿಲ್ಲ. ಎರಡೂ ಕೂಸುಗಳನ್ನು ನನ್ನ ತೊಡೆಯ ಮೇಲೆ ಇಟ್ಟು, “ನೀ ಎಣಸಾಕಿ ಅಲ್ಲಾ? ಎಣಸಿ ಹೇಳು, ಇವರಾಗ ಯಾರು ಹೆಚ್ಚಾಗ್ಯಾರ” ಎಂದಳು.

ಆ ಸೋಮವಾರ ನಾನು ನಮ್ಮ ಮನೆಯ ಮುಂದೆ ‘ಐದು’ ಎಂದು ಬರೆದೆ. ಅದು ನಾನು ತಮಗೆ ಬರೆದ ಮೊದಲ ಸುಳ್ಳು. ಕೈ ನಡುಗಿತೆಂದು ಬರೆದರೆ ತಮಗೆ ಸಂತೋಷವಾದೀತು, ಖರೆ ಹೇಳಬೇಕೆಂದರೆ ಹಸಿವಾಯಿತು. ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಅಂದಿನಿಂದ ನಮ್ಮ ಕೂಸುಗಳ ಹೆಸರು ಒಂದೇ, ರೋಜಾ. ಒಬ್ಬಳು ನಮ್ಮ ಮನೆಯಲ್ಲಿ ತೋರಿಸಲು, ಇನ್ನೊಬ್ಬಳು ಹಿತ್ತಲ ಗೋಡೆಯ ಮೇಲಿನಿಂದ ಖಾತುನಬಿ ಕಾಕಿಯ ಮನೆಗೆ. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು, ಆದರೆ ಎಳೆಗೂಸುಗಳ ತೂಕವನ್ನೂ ಪ್ರತಿ ಸೋಮವಾರ ಕಳಿಸಬೇಕೆಂಬ ತಮ್ಮ ಕಾಳಜಿ ನಮಗೆ ಮುಳುವಾಯಿತು. ಎಚ್ಚರವಿದ್ದವಳನ್ನು ನಾನು ತಕ್ಕಡಿಗೆ ಹಾಕುತ್ತಿದ್ದೆ. ಒಂದು ವಾರ ಮೂರೂವರೆ ಕಿಲೋ ಇದ್ದ ರೋಜಾ ಮುಂದಿನ ವಾರ ಮೂರಕ್ಕೆ ಇಳಿದು, ಅದರ ಮುಂದಿನ ವಾರ ನಾಲ್ಕಕ್ಕೆ ಏರುವುದನ್ನು ಕಂಡು ತಮ್ಮ ಕಂಪ್ಯೂಟರು ಗಾಬರಿಯಾಯಿತು. ತಾವೇ ಜೀಪು ಹತ್ತಿ ಬಂದಿರಿ. ಲಕ್ಕುಂಡಿಯ ಗುಡಿಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ, ಒಂದು ಕೂಸಿನ ತೂಕ ನೋಡಲು ಬಂದ ಮೊದಲ ಗಣ್ಯರು ತಾವೇ.

ತಾವು ನಮ್ಮ ನಡುಮನೆಯಲ್ಲಿ ಕುಳಿತು ಒಬ್ಬ ರೋಜಾಳನ್ನು ಎತ್ತಿಕೊಂಡಿದ್ದಿರಿ. ಗೋಡೆಯಾಚೆ ಇನ್ನೊಬ್ಬ ರೋಜಾ ಊರು ಕೇಳುವಂತೆ ಕಿರುಚಿದಳು. ಅದೇನೆಂದು ತಾವು ಕೇಳಿದಾಗ, ಗೋಡೆಯ ಮೇಲೆ ತಲೆ ತೋರಿಸಿದ ಕಾಕಿ ಆಡಿನ ಮರಿ ಎಂದಳು.

“ಆಡಿನ ಮರಿ ಹಿಂಗ ಅಳತೈತೇನು?” ಎಂದಿರಿ ತಾವು.

“ಹಸಿದ್ರ ಎಲ್ಲಾ ಹಿಂಗ ಅಳತಾವ ರೀ, ಸಾಹೇಬರ.”

ತಾವು ಎದ್ದು ಹೋಗಿ ನೋಡಿದಿರಿ. ಮರಿ ತಲೆಗೆ ಕುಲಾಯಿ ಹಾಕಿಕೊಂಡು ತೊಟ್ಟಿಲಲ್ಲಿತ್ತು. ಮುಂದಿನದನ್ನು ನಾನು ಮರೆಯಲಾರೆ. ಎರಡೂ ಕೂಸುಗಳನ್ನು ಅಡುಗೆಮನೆಯಲ್ಲಿ ಕೌದಿಯ ಮೇಲೆ ಮಲಗಿಸಿದೆವು. ತಾವು ಬೈಯಲಿಲ್ಲ, ಕೂಗಾಡಲಿಲ್ಲ. ನನ್ನನ್ನು ಕರೆದು, ಎರಡನೆಯವಳಿಗೆ ಗುರುತೇನಾದರೂ ಇದೆಯೇ ಎಂದು ಕೇಳಿದಿರಿ. ಎರಡು ವರ್ಷದ ತಾಲೀಮು ನೋಡಿ, ಬಾಯಿ ನನ್ನನ್ನು ಕೇಳದೆಯೇ “ಕಾಲಾಗ ಕರಿ ದಾರ ಐತ್ರಿ” ಎಂದುಬಿಟ್ಟಿತು. ಹಾಗಾದರೆ ಆಕೆಯನ್ನು ತಂದು ಜೀಪಿನಲ್ಲಿ ಕೊಡು, ನಿನ್ನ ಸೀಟಿಗೆ ಧಕ್ಕೆಯಾಗದಂತೆ ನಾನು ನೋಡಿಕೊಳ್ಳುತ್ತೇನೆ ಎಂದಿರಿ. ಅದು ತಮ್ಮ ದೊಡ್ಡತನವೇ, ಅಲ್ಲವೆನ್ನಲಾರೆ.

ನಾನು ಒಳಗೆ ಹೋದೆ. ವೈನಿ ನನ್ನ ಕಡೆ ನೋಡಲಿಲ್ಲ. ದಾರವಿದ್ದವಳು ಬೆರಳು ಚೀಪುತ್ತ ನನ್ನನ್ನೇ ನೋಡಿದಳು. ಲಕ್ಷ್ಮೇಶ್ವರದ ಯಾವುದೋ ಮನೆಯಲ್ಲಿ ಉಣ್ಣುತ್ತಿರುವ ಲಕ್ಕಪ್ಪನ ತಮ್ಮ ಆಗ ನನ್ನ ಕಣ್ಣ ಮುಂದೆ ಬಂದ. ಬಾಗಿ ಆ ದಾರವನ್ನು ಹಲ್ಲಿನಿಂದ ಕಡಿದು ಒಲೆಗೆ ಹಾಕಿದೆ. ಆದರೂ ತಮ್ಮೆದುರು ಇನ್ನೊಂದು ಸುಳ್ಳು ಹೇಳುವ ಮನಸ್ಸಿರಲಿಲ್ಲವಾದ್ದರಿಂದ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ, “ಆಯೀ, ಎರಡನ್ನೂ ಹಿಂದ ಮುಂದ ಮಾಡು” ಎಂದೆ. ಆಯಿಯೂ ಕಣ್ಣು ಮುಚ್ಚಿಕೊಂಡೇ ಮಾಡಿದಳಂತೆ. ಆಮೇಲೆ ಇಬ್ಬರನ್ನೂ ಎತ್ತಿಕೊಂಡು ಹೊರಗೆ ಬಂದು, “ಯಾವಾಕಿ ಅಂತ ನನಗ ಗೊತ್ತಿಲ್ಲರಿ” ಎಂದೆ. ಅದು ಶುದ್ಧ ಸತ್ಯವಾಗಿತ್ತು.

ತಾವು ಕಾಕಿಯನ್ನು ಕೇಳಿದಿರಿ. ವಯಸ್ಸಾಗಿ ಮರೆವು ಬಂದಿದೆ ಎಂದಳು. ಕೊನೆಗೆ ಹೆತ್ತವಳನ್ನೇ ಕೇಳಿದಿರಿ. ವೈನಿ ಬಾಗಿಲಿಗೆ ಬಂದು, “ನನಗ ಎರಡೂ ಮೊದಲನೇವು ರೀ” ಎಂದಳು. ಒಬ್ಬ ರೋಜಾ ತಮ್ಮ ಪೆನ್ನನ್ನು ಹಿಡಿದುಕೊಂಡು ಬಿಡದೆ ಹೋದಳು. ತಾವು ನನ್ನ ಪೆನ್ನು ಕೇಳಿ ಪಡೆದು ಕಡತದ ಮೇಲೆ ‘ತೀರ್ಮಾನ ಬಾಕಿ’ ಎಂದು ಬರೆದಿರಿ. ತಮ್ಮ ಅಕ್ಷರ ಅಷ್ಟು ಮುದ್ದಾಗಿದೆ ಎಂದು ನನಗೆ ಅಂದೇ ಗೊತ್ತಾದದ್ದು.

ನನ್ನ ತೋಳಪಟ್ಟಿ ಅದೇ ವಾರ ಹೋಯಿತು, ಸೀಟೂ ಹೋಯಿತು. ಆ ದಿನ ಅತ್ತುಬಿಟ್ಟೆ ಎಂಬುದನ್ನು ಮುಚ್ಚಿಡಲಾರೆ. ಮರುದಿನ ಲಕ್ಕಪ್ಪನ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತೆ. ಅವನು ಮೊದಲು ದನಕ್ಕೆ ಮೇವು ಹಾಕಿ ಬಂದ. ಆಮೇಲೆ “ಕುಂಡ್ರು, ಉಂಡ ಹೋಗು” ಎಂದು ತಮ್ಮನ ತಾಟಿನಲ್ಲೇ ಊಟ ಬಡಿಸಿದ. ಈಗ ನಾನು ಅವನ ತಮ್ಮನನ್ನು ಮರಳಿ ಕರೆತರಲು ಅರ್ಜಿ ಬರೆಯುತ್ತಿದ್ದೇನೆ. ನನ್ನದು ಹನ್ನೊಂದನೆಯ ಅರ್ಜಿ, ತಮ್ಮದು ಹನ್ನೊಂದನೆಯ ಮೌನ. ಸೀಟಿಗಾಗಿ ಎಲ್ಲರಂತೆ ಪರೀಕ್ಷೆ ಬರೆಯಲು ಓದುತ್ತಲೂ ಇದ್ದೇನೆ.

ರೋಜಾ ಇಬ್ಬರೂ ಗುಂಡಗೆ ಬೆಳೆದಿದ್ದಾರೆ. ನಮ್ಮ ಮನೆಯಲ್ಲಿ ಮಲಗಿದವಳು ಅಂದು ರೋಜವ್ವ, ಕಾಕಿಯ ಮನೆಯಲ್ಲಿ ಮಲಗಿದವಳು ಅಂದು ರೋಜಾಬಿ. ಮರುದಿನ ಬದಲಾದರೂ ಇಬ್ಬರಿಗೂ ತಕರಾರಿಲ್ಲ. ಕಾಕಿಯ ಮನೆಯಲ್ಲಿ ನಾಲ್ಕು ಜಾಗ ಖಾಲಿ ಇರುವುದರಿಂದ ಒಬ್ಬಳನ್ನು ಅಲ್ಲಿ ಬರೆದುಕೊಳ್ಳಿ ಎಂದು ಅರ್ಜಿ ಕೊಟ್ಟೆವು. ಮಂಡಳಿಯೇ ವರ್ಗ ಮಾಡಿದರೆ ಯಾವ ಮನೆಯಾದರೂ ಸರಿ, ನಾವಾಗಿ ಬರೆಸಲು ರಕ್ತಸಂಬಂಧವಿಲ್ಲದೆ ಆಗುವುದಿಲ್ಲ ಎಂದು ತಮ್ಮ ಗುಮಾಸ್ತರು ಹೇಳಿದಾಗ ಕಾಕಿ, “ಹುಟ್ಟಿದಾಗ ಮೊದಲ ರಕ್ತ ಒರಸಿದ ಕೈ ನಂದು, ಇದಕ್ಕಿಂತ ಹೆಚ್ಚಿನ ರಕ್ತಸಂಬಂಧ ಯಾವದು?” ಎಂದು ಕೇಳಿದಳು. ಅವರು ಉತ್ತರ ಹುಡುಕಲು ಅದನ್ನೂ ಅದೇ ಕಡತದಲ್ಲಿ ಸೇರಿಸಿದರು.

ಆದಕಾರಣ ಮಾನ್ಯರೇ, ತೀರ್ಮಾನಿಸಲೇಬೇಕೆಂದಿದ್ದರೆ ಮೊದಲು ತಾವು ಕುಳಿತಿರುವ ಗದಗ-ಬೆಟಗೇರಿ ಅವಳಿ ನಗರದಲ್ಲಿ ಗದಗ ಹೆಚ್ಚುವರಿಯೋ ಬೆಟಗೇರಿ ಹೆಚ್ಚುವರಿಯೋ ಎಂದು ಹೇಳಿ, ಅದನ್ನು ಲಕ್ಷ್ಮೇಶ್ವರಕ್ಕೆ ವರ್ಗ ಮಾಡಿಸಿ, ಆಮೇಲೆ ನಮ್ಮ ಮನೆಗೆ ಬರಬೇಕು. ಅದು ಕಷ್ಟವೆನಿಸಿದರೆ, ಇಬ್ಬರಲ್ಲಿ ಕಿರಿಯಳನ್ನು ಗುರುತಿಸಬಲ್ಲ ಅಧಿಕಾರಿಯನ್ನು ಕಳಿಸಿ; ಗುರುತಿಸುವವರೆಗೆ ಅವರು ನಮ್ಮಲ್ಲೇ ಇದ್ದು ತೊಟ್ಟಿಲು ತೂಗಲಿ. ಇದಾವುದೂ ಆಗದಿದ್ದರೆ, ತಮ್ಮ ಕಚೇರಿ ಹಿಂದಿನ ಘನತೆಯ ನಿಧಾನಕ್ಕೆ ಮರಳಲಿ. ಬಾಕಿ ಇರುವಷ್ಟು ದಿನ ಯಾರನ್ನೂ ಕದಲಿಸುವಂತಿಲ್ಲ ಎಂದು ತಮ್ಮ ನಿಯಮವೇ ಹೇಳುತ್ತದೆ. ಹುಡುಗಿಯರಿಗೆ ಅರವತ್ತು ತುಂಬುವವರೆಗೆ ಈ ಕಡತ ಬಾಕಿ ಇದ್ದರೆ ನಮ್ಮದೇನೂ ಅವಸರವಿಲ್ಲ. ತಮ್ಮ ಆಲಸ್ಯ ನೂರು ವರ್ಷ ಬಾಳಲಿ ಎಂದು ಆಯಿಯೂ ಹರಸಿದ್ದಾಳೆ. ಈ ಪತ್ರದ ಪ್ರತಿಗಳನ್ನು ಅಣ್ಣ ಉಳಿದ ಭಿತ್ತಿಪತ್ರಗಳ ಬೆನ್ನಿಗೇ ಅಚ್ಚು ಹಾಕಿದ್ದು, ಬಸ್ ನಿಲ್ದಾಣದಲ್ಲಿ ಜನ ಎರಡೂ ಬದಿ ಓದುತ್ತಿದ್ದಾರೆ.

ಎಣಿಕೆ ಮರೆತರೂ ಮರ್ಯಾದೆ ಮರೆಯದ,
ತಮ್ಮ ವಿಶ್ವಾಸಿ,
ಮಮತಾ
ಮಾಜಿ ಮಿತಿಮಿತ್ರ, ಲಕ್ಕುಂಡಿ

ತಾ.ಕ.: ಕಳೆದ ಶುಕ್ರವಾರ ಗದಗಿನ ಬಸ್ಸಿನಿಂದ ಒಂದು ಕೈಚೀಲದೊಂದಿಗೆ ರಾಮವ್ವ ಎಂಬ ಹಿರಿಯರು ಇಳಿದು ಖಾತುನಬಿ ಕಾಕಿಯ ಮನೆಯನ್ನು ಕೇಳಿಕೊಂಡು ಬಂದರು. ಮಗ ಮಿತಿ ಮಂಡಳಿಯ ದೊಡ್ಡ ಅಧಿಕಾರಿಯಂತೆ. ಸೊಸೆ, ಮೂವರು ಮೊಮ್ಮಕ್ಕಳು ಸೇರಿ ಅವನ ಮನೆಯಲ್ಲಿ ಐದು ಭರ್ತಿಯಂತೆ. ಲಕ್ಕುಂಡಿಯಲ್ಲಿ ಜಾಗ ಖಾಲಿ ಇರುವ ಒಂದು ಒಳ್ಳೆಯ ಮನೆಯಿದೆ ಎಂದು ಮಗನೇ ಬಸ್ಸಿಗೆ ಹತ್ತಿಸಿದನಂತೆ. ಅವರು ಬಂದ ದಿನವೇ ಮಾದಲಿಯ ಸಿಹಿ ಮಾಡಿ ಎರಡೂ ಮನೆಗೆ ಬಡಿಸಿದರು, ರೋಜಾ ಇಬ್ಬರೂ ಅವರ ತೊಡೆ ಬಿಟ್ಟು ಇಳಿಯುತ್ತಿಲ್ಲ. ಕಾಕಿಗೂ ಅವರಿಗೂ ರಕ್ತಸಂಬಂಧ ಇಲ್ಲವಾದ್ದರಿಂದ ಅವರ ಅರ್ಜಿಯನ್ನೂ ಗುಮಾಸ್ತರು ನಮ್ಮ ಕಡತದಲ್ಲಿಯೇ ಇಟ್ಟಿದ್ದಾರೆ. ಹದಿನೈದು ದಿನಗಳೊಳಗೆ ಏನು ತೀರ್ಮಾನಿಸುತ್ತೀರೋ ರೋಜಾಳಿಗೂ ರಾಮವ್ವನವರಿಗೂ ಅದೇ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ತಮ್ಮ ತಾಯಿ ಹೇಳಿದ್ದಾರೆ.